ಕಾರವಾರದಿಂದ ಕೊಚ್ಚಿಗೆ ಸ್ವಂತ ಯಾಟ್: ದೂರಕ್ಕಿಂತ ಮೊದಲು ಅಳಿವೆಯ ಲೆಕ್ಕ

ಕಾರವಾರದ ಬೈತಖೋಲದಿಂದ ಕೊಚ್ಚಿಗೆ ಕಡಲಹಾದಿ ಸುಮಾರು 320 ನಾಟಿಕಲ್ ಮೈಲು. ನಕ್ಷೆಯ ಮೇಲೆ ಗೆರೆ ಎಳೆದು, ದೋಣಿಯ ವೇಗದಿಂದ ಭಾಗಿಸಿ, ಇದು ಎರಡು ದಿನದ ದಾರಿ ಎಂದು ಹೊರಡುವವರೇ ಹೆಚ್ಚು. ಆದರೆ ನಮ್ಮ ಕರಾವಳಿಯಲ್ಲಿ ತೊಡಕಿರುವುದು ನಡುಗಡಲಿನಲ್ಲಿ ಅಲ್ಲ, ತಂಗಲು ಒಳಹೊಗಬೇಕಾದ ಅಳಿವೆಯ, ಅಂದರೆ ನದಿ ಕಡಲು ಸೇರುವ ಜಾಗದ, ಬಾಯಿಯಲ್ಲಿ. ಹಾಗಾಗಿ ಯಾವ ಬಂದರನ್ನು ಯಾವ ಹೊತ್ತಿಗೆ ಹೊಗಬಹುದೆಂಬುದನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಹೊರಡುವ ಗಳಿಗೆಯನ್ನು ಗೊತ್ತುಮಾಡಬೇಕು.

ಕಾಲದ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಸಗಿ ಯಾಟ್‌ಗೆ ಈ ಕಡಲಿನಲ್ಲಿ ಕೆಲಸವಿಲ್ಲ. ಜೂನ್ ಮತ್ತು ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಯೇ ನಿಷಿದ್ಧ. ಮೇ ತಿಂಗಳನ್ನೂ ಮಳೆಗಾಲದ ನಂತರದ ಎರಡು ತಿಂಗಳನ್ನೂ ಚಂಡಮಾರುತದ ಭಯದಿಂದ ಬಿಡುವುದು ಲೇಸು. 2021ರ ಮೇ ತಿಂಗಳ ತೌಕ್ತೆಯನ್ನು ನಮ್ಮ ಊರುಗಳು ಮರೆತಿಲ್ಲ. ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗಿನ ದಿನಗಳೇ ಪ್ರಶಸ್ತ.

ಆ ತಿಂಗಳುಗಳಲ್ಲಿಯೂ ಗಾಳಿಗೆ ತನ್ನದೇ ದಿನಚರಿಯಿದೆ. ಬೆಳಗಿನ ಜಾವ ಘಟ್ಟದ ಕಡೆಯಿಂದ ನೆಲಗಾಳಿ ತೆಳ್ಳಗೆ ಬೀಸುತ್ತದೆ. ಮಧ್ಯಾಹ್ನ ತಿರುಗಿದ ಮೇಲೆ ವಾಯವ್ಯದ ಕಡಲಗಾಳಿ ಎದ್ದು ನೀರನ್ನು ಕಲಕುತ್ತದೆ. ದಕ್ಷಿಣಕ್ಕೆ ಹೋಗುವಾಗ ಈ ಗಾಳಿ ಬೆನ್ನಿಗಿರುತ್ತದೆ, ಮರಳುವಾಗ ಮುಖಕ್ಕೆ ಹೊಡೆಯುತ್ತದೆ. ಹೋಗುವ ದಾರಿಯ ಡೀಸೆಲ್ ಲೆಕ್ಕವನ್ನೇ ಬರುವ ದಾರಿಗೂ ಹಾಕಿದವರು ನಡುನೀರಿನಲ್ಲಿ ಟ್ಯಾಂಕಿನ ಮುಳ್ಳು ನೋಡುತ್ತ ಕೂರಬೇಕಾಗುತ್ತದೆ.

ಈಗ ಅಳಿವೆಯ ಮಾತು. ಹೊನ್ನಾವರದಲ್ಲಿ ಶರಾವತಿ, ತದಡಿಯಲ್ಲಿ ಅಘನಾಶಿನಿ ಕಡಲು ಸೇರುವಲ್ಲಿ ಮರಳದಿಬ್ಬಗಳಿವೆ. ಪ್ರತಿ ಮಳೆಗಾಲವೂ ಅವುಗಳನ್ನು ಅಷ್ಟಿಷ್ಟು ಸರಿಸಿಬಿಡುತ್ತದೆ. ಡೆಹ್ರಾಡೂನಿನ ನೌಕಾ ಜಲಮಾಪನ ಕಚೇರಿಯ ನಕ್ಷೆ ಅವಶ್ಯವಾಗಿ ಜೊತೆಗಿರಬೇಕು, ಆದರೆ ದೋಣಿ ಹಾಯುವ ಆಳದ ಕಾಲುವೆ ಈ ವರ್ಷ ಎಲ್ಲಿದೆ ಎಂಬುದನ್ನು ಅಲ್ಲಿನ ತಾಂಡೇಲರಿಂದಲೇ (ಮೀನುದೋಣಿ ನಡೆಸುವವರಿಂದಲೇ) ಕೇಳಿ ತಿಳಿಯಬೇಕು. ಇಳಿತದ ನೀರು ಹೊರಕ್ಕೆ ನುಗ್ಗುವಾಗ ಎದುರಿನಿಂದ ಕಡಲ ತೆರೆ ಬಂದರೆ ದಿಬ್ಬದ ಮೇಲೆ ಅಲೆ ಕಡಿದಾಗಿ ಎದ್ದು ಮುರಿಯುತ್ತದೆ. ಆದ್ದರಿಂದ ಒಳಹೊಗಲು ಭರತ ಏರುವ ಕೊನೆಯ ಎರಡು ಗಂಟೆಯೇ ಸರಿ. ಇದರೊಡನೆ ಬಿಸಿಲಿನದೊಂದು ಲೆಕ್ಕವಿದೆ: ಬೆಳಿಗ್ಗೆ ಮೂಡಣಕ್ಕೆ ಮುಖಮಾಡಿ ಬರುವಾಗ ಸೂರ್ಯ ನೇರ ಕಣ್ಣಿಗೆ ಹೊಡೆಯುವುದರಿಂದ ಆಳವನ್ನು ತಿಳಿಸುವ ನೀರಿನ ಬಣ್ಣವೇ ಕಾಣುವುದಿಲ್ಲ, ಮಧ್ಯಾಹ್ನದ ಮೇಲೆ ಗಾಳಿ ಬಿಡುವುದಿಲ್ಲ. ಉಳಿಯುವುದು ಹತ್ತರಿಂದ ಹನ್ನೆರಡರ ನಡುವಿನ ಹೊತ್ತು ಮಾತ್ರ.

ಹೊಸಬರು ಮರೆಯುವ ಸಂಗತಿಯೊಂದಿದೆ. ಇಂದು ಹನ್ನೊಂದಕ್ಕೆ ಭರತವಾದರೆ ನಾಳೆ ಅದು ಸುಮಾರು 50 ನಿಮಿಷ ತಡವಾಗಿ ಆಗುತ್ತದೆ, ಅಂದರೆ ನಾಳೆ ನಸುಕಿನಲ್ಲಿ ಅಳಿವೆ ಬಹುಮಟ್ಟಿಗೆ ಇಳಿತದಲ್ಲಿರುತ್ತದೆ. ನೆಲಗಾಳಿಯಲ್ಲಿ ಬೇಗ ಹೊರಡುವ ನಿಮ್ಮ ಯೋಜನೆ ದಿಬ್ಬದ ಹಿಂದೆ ಸಿಕ್ಕಿಬೀಳುತ್ತದೆ.

ಹೀಗಾಗಿ ನಾನು ಭರತದ ಹಂಗಿಲ್ಲದ ಬಂದರುಗಳನ್ನು ಹಿಡಿದೇ ದಾರಿ ಹಾಕುತ್ತೇನೆ. ದೇವಗಡ ಮತ್ತು ಕೂರ್ಮಗಡ ದ್ವೀಪಗಳೂ ಬೆಟ್ಟದ ಮೂಗೂ ಕಾಯುವ ಬೈತಖೋಲದಿಂದ ನಸುಕಿನ 4ಕ್ಕೆ ಹೊರಟು 10 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 10 ನಾಟಿಕಲ್ ಮೈಲಿನಂತೆ, ಸಾಗಿದರೆ, ಸುಮಾರು 120 ಮೈಲಿನಾಚೆಯ ಪಣಂಬೂರಿನ ನವಮಂಗಳೂರು ಬಂದರನ್ನು ಸಂಜೆ 4ರ ಬೆಳಕಿನಲ್ಲಿ ತಲುಪಬಹುದು. ಮರುದಿನ ಮಧ್ಯಾಹ್ನ 1ಕ್ಕೆ ಹೊರಟರೆ ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೆ ಕೊಚ್ಚಿ ಸಿಗುತ್ತದೆ. ತದಡಿ, ಹೊನ್ನಾವರ, ಮಲ್ಪೆಗಳನ್ನು ಆಪತ್ಕಾಲದ ಆಸರೆಯೆಂದು, ಆ ದಿನದ ಭರತದ ಹೊತ್ತಿನ ಸಮೇತ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

ಇಂಧನಕ್ಕೆ ನಿಮ್ಮ ಎಂಜಿನ್ನಿನ ಅಂಕಿ ಬೇಕು, ಮಾರಾಟಗಾರರ ಪುಸ್ತಿಕೆಯದಲ್ಲ. 10 ನಾಟ್‌ನಲ್ಲಿ ಗಂಟೆಗೆ 40 ಲೀಟರ್ ಎಂದಿಟ್ಟುಕೊಂಡರೆ ಮೈಲಿಗೆ 4 ಲೀಟರ್, ಕೊಚ್ಚಿಯವರೆಗೆ 1280 ಲೀಟರ್. ಇದು ಕೈಯಲ್ಲಿರುವ ಡೀಸೆಲ್ಲಿನ ಮೂರರಲ್ಲಿ ಎರಡು ಪಾಲನ್ನು ಮೀರಬಾರದು. ಮೀರಿದರೆ ಮಂಗಳೂರಿನಲ್ಲಿ ತುಂಬಿಸುವುದು ಯೋಜನೆಯ ಭಾಗವಾಗಬೇಕು. ಬ್ಯಾರೆಲ್‌ನಿಂದ ಸುರಿಸಿಕೊಂಡ ಡೀಸೆಲ್ಲಾದರೆ ಅರ್ಧ ತಾಸು ಎಂಜಿನ್ ಓಡಿಸಿ ಫಿಲ್ಟರಿನ ಗಾಜಿನ ಬಟ್ಟಲನ್ನು ಟಾರ್ಚ್ ಹಿಡಿದು ನೋಡಿ. ನೀರು ಸೇರಿದ್ದರೆ ಅದು ತಳದಲ್ಲಿ ಬೇರೆಯೇ ಪದರವಾಗಿ ನಿಂತಿರುತ್ತದೆ.

ರಾತ್ರಿಯ ನಿಜವಾದ ಶತ್ರು ಬಲೆ. ಒಮ್ಮೆ ಮುರ್ಡೇಶ್ವರದ ಹೊರಗೆ, ದೀಪವಿಲ್ಲದ ತೇಲುಬಲೆಯೊಂದರ ಮೇಲೆ ನಾವೇ ಹಾಯ್ದೆವು. ಎಂಜಿನ್ ನಿಲ್ಲಿಸಲು ತಡಮಾಡಿದ್ದರಿಂದ ನೈಲಾನ್ ಹಗ್ಗ ಪ್ರೊಪೆಲರ್ ಶಾಫ್ಟಿಗೆ ಸುತ್ತಿ, ಬಿಸಿಗೆ ಕರಗಿ, ಮರದಷ್ಟು ಗಟ್ಟಿಯಾದ ಉಂಗುರವಾಗಿತ್ತು. ಬೆಳಕು ಹರಿದ ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗಿ, ಗರಗಸದ ಹಲ್ಲಿನ ಚಾಕುವಿನಿಂದ ಕೊಯ್ಯಲು ಎರಡು ತಾಸು ಹಿಡಿಯಿತು. ನುಣುಪು ಅಲಗಿನ ಚಾಕು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಂದಿನಿಂದ ರಾತ್ರಿ ಪಾಳಿಗೆ ಇಬ್ಬರು, ಒಬ್ಬರು ಚುಕ್ಕಾಣಿಗೆ, ಒಬ್ಬರು ಮುಂಭಾಗದಲ್ಲಿ ಬಲೆಯ ತೇಲುಬೆಂಡುಗಳನ್ನು ನೋಡಲು.

ಕಾಗದಪತ್ರ ಸರಳವೇ: ನೋಂದಣಿ, ವಿಮೆ, ಎಲ್ಲರ ಗುರುತಿನ ಚೀಟಿ, ಪ್ರತಿ ಬಂದರಿಗೂ ಮುಂಚಿತವಾದ ಪತ್ರ. ಅರ್ಗಾದ ಐಎನ್‌ಎಸ್ ಕದಂಬ ನೌಕಾನೆಲೆಯ ನೀರಿನಿಂದ ಸಾಕಷ್ಟು ದೂರವಿರಿ. ವಿಎಚ್‌ಎಫ್ ರೇಡಿಯೋ ಆಪತ್ಕಾಲದ ಕರೆಗೆ ಮೀಸಲಾದ 16ನೇ ಚಾನೆಲ್‌ನಲ್ಲಿ ಸದಾ ತೆರೆದಿರಲಿ. ಹೊರಡುವ ಮುನ್ನ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್ ಪ್ರಕಟಿಸುವ ಅಲೆಯ ಮುನ್ಸೂಚನೆಯನ್ನು ನೋಡಿ.

ಕೊನೆಯದಾಗಿ, ದಡದಲ್ಲಿರುವ ಒಬ್ಬರ ಕೈಗೆ ಪ್ರಯಾಣದ ಚೀಟಿ ಕೊಟ್ಟಿರಬೇಕು. ಅದರಲ್ಲಿ ತಲುಪುವ ಹೊತ್ತಿನ ಕೆಳಗೆ ಇನ್ನೊಂದು ಹೊತ್ತು ಬರೆದಿರಲಿ: ಅಷ್ಟರೊಳಗೆ ನಿಮ್ಮ ಕರೆ ಬಾರದಿದ್ದರೆ ಅವರು ಕಾಯದೆ ಕೋಸ್ಟ್‌ಗಾರ್ಡ್‌ನ 1554ಕ್ಕೆ ಫೋನ್ ಮಾಡತಕ್ಕದ್ದು.