ಬೆಂಗಳೂರಿನ ಮನೆಯಲ್ಲಿ ಮೆದು ಹವಳದ ತೊಟ್ಟಿ: ನೀರು, ಬೆಳಕು, ಪೀಡೆಗಳು

ಉಪ್ಪುನೀರಿನ ಹವಳದ ತೊಟ್ಟಿಯನ್ನು ಮನೆಯಲ್ಲಿಡಲು ಹೊರಟವರು ಗಾಜಿನ ಅಳತೆಗಿಂತ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು, ಅದರೊಳಗೆ ಯಾವ ಜೀವಿಗಳನ್ನು ಇಡಬಹುದು ಎಂಬುದನ್ನು. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಬೀಸಣಿಗೆಯಾಕಾರದ ಗೊರ್ಗೋನಿಯನ್‌ಗಳು 2001ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿ ಇರುವ ಪಟ್ಟಿಗೇ, ಸೇರಿದವು. ಕಡಲಕುದುರೆಗಳೂ ಆಗಲೇ ಸೇರಿದವು. ಅಂಗಡಿಗಳಲ್ಲಿ ‘ಲೈವ್ ರಾಕ್’ ಎಂದು ಮಾರುವ ಕಲ್ಲು ಅನೇಕ ಸಲ ಸಮುದ್ರದಿಂದ ಕಿತ್ತು ತಂದ ಹವಳದ ಅಸ್ಥಿಪಂಜರವೇ ಆಗಿರುತ್ತದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅವು ಅಲ್ಲಿಯೇ ಇರಬೇಕು. ಆದ್ದರಿಂದ ನಾನು ಕಾರ್ಖಾನೆಯಲ್ಲಿ ತಯಾರಾದ ರಂಧ್ರಯುಕ್ತ ಕಲ್ಲನ್ನೇ ಬಳಸಿದೆ. ಹವಳಗಳ ಪೈಕಿ ಇತರ ಹವ್ಯಾಸಿಗಳು ತಮ್ಮ ತೊಟ್ಟಿಗಳಲ್ಲಿ ಬೆಳೆಸಿ ಕತ್ತರಿಸಿ ಕೊಟ್ಟ ಮೆದು ಜಾತಿಗಳನ್ನು ಮಾತ್ರ ಇಟ್ಟೆ: ಮಶ್ರೂಮ್, ಲೆದರ್, ಗ್ರೀನ್ ಸ್ಟಾರ್ ಪಾಲಿಪ್ ಮತ್ತು ಹವಳಗಳ ಹತ್ತಿರದ ಬಂಧುಗಳಾದ ಜೋವಾಂಥಿಡ್‌ಗಳು.

ನನ್ನ ತೊಟ್ಟಿ 60 ಸೆಂಟಿಮೀಟರ್ ಉದ್ದ, 36 ಅಗಲ, 36 ಎತ್ತರ. ಲೆಕ್ಕಕ್ಕೆ 75 ಲೀಟರಿಗಿಂತ ತುಸು ಹೆಚ್ಚು. ಕಲ್ಲು, ಮರಳು ಹಾಕಿ ಮೇಲೆ ಸ್ವಲ್ಪ ಖಾಲಿ ಬಿಟ್ಟ ಮೇಲೆ ಉಳಿಯುವ ನೀರು ಸುಮಾರು 60 ಲೀಟರ್. ಈ 60 ಎಂಬ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಟ್ಟಿದ್ದೇನೆ, ಏಕೆಂದರೆ ನಾನು ಮಾಡುವ ಪ್ರತಿಯೊಂದು ತೀರ್ಮಾನವೂ ಅಲ್ಲಿಂದ ಹೊರಡುತ್ತದೆ. ಐನೂರು ಲೀಟರಿನ ತೊಟ್ಟಿ ಸಹಿಸಿಕೊಳ್ಳುವ ಏರುಪೇರನ್ನು ಅರುವತ್ತು ಲೀಟರ್ ಸಹಿಸುವುದಿಲ್ಲ. ಎರಡು ಲೀಟರ್ ನೀರು ಆವಿಯಾಗಿ ಹೋದರೆ ಉಪ್ಪು ಮಾತ್ರ ಒಳಗೇ ಉಳಿಯುವುದರಿಂದ, ಸಾವಿರಕ್ಕೆ 35 ಇದ್ದ ಲವಣಾಂಶ 36ನ್ನು ದಾಟುತ್ತದೆ. ಹೀಗೆ ಆವಿಯಾದುದಕ್ಕೆ ಬದಲಾಗಿ ಸುರಿಯಬೇಕಾದದ್ದು ಸಿಹಿನೀರು. ನಾನು ಮಟ್ಟ ನೋಡಿ ತಾನೇ ನೀರು ತುಂಬುವ ಸಣ್ಣ ಪಂಪನ್ನು ಅಳವಡಿಸಿದ್ದೇನೆ. ಸಣ್ಣ ತೊಟ್ಟಿಗೆ ಹಣ ಖರ್ಚು ಮಾಡುವುದಾದರೆ ದೀಪಕ್ಕಿಂತ ಮೊದಲು ಇದಕ್ಕೆ ಮಾಡಿ ಎಂದೇ ನಾನು ಹೇಳುವುದು.

ಬೆಂಗಳೂರಿನ ಕೊಳವೆಬಾವಿಯ ನೀರು ಗಡಸು. ಅಡುಗೆಮನೆಯ ಆರ್‌ಒ ಯಂತ್ರದ ನೀರೂ ಈ ಕೆಲಸಕ್ಕೆ ಸಾಲದು, ಏಕೆಂದರೆ ಕುಡಿಯುವ ನೀರಿಗೆ ರುಚಿ ಇರಲೆಂದು ಅದರಲ್ಲಿ ಒಂದಿಷ್ಟು ಲವಣವನ್ನು ಬೇಕೆಂದೇ ಉಳಿಸಿರುತ್ತಾರೆ. ಅದರೊಂದಿಗೆ ಬರುವ ಸಿಲಿಕೇಟು, ಫಾಸ್ಫೇಟುಗಳು ಪಾಚಿಗೆ ಆಹಾರವಾಗುತ್ತವೆ. ಆದ್ದರಿಂದ ಆರ್‌ಒ ನೀರನ್ನು ಮತ್ತೆ ಉಳಿದ ಲವಣಗಳನ್ನೂ ಹಿಡಿದಿಡುವ ಡಿಅಯೊನೈಸಿಂಗ್ ರಾಳದ ಮೂಲಕ ಹಾಯಿಸಿ, ಕರಗಿರುವ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರು ಸೊನ್ನೆ ತೋರಿಸಿದ ಮೇಲೆಯೇ ಬಳಸುತ್ತೇನೆ. ಆ ನೀರಿಗೆ ಲೀಟರಿಗೆ ಸುಮಾರು 37 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣವನ್ನು ಹಾಕಿ, ಒಂದು ದಿನ ಪಂಪಿನಿಂದ ಕಲಕಿ, ವಾರಕ್ಕೊಮ್ಮೆ ಆರು ಲೀಟರ್ ಬದಲಾಯಿಸುತ್ತೇನೆ. ಲವಣಾಂಶವನ್ನು ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಶುದ್ಧ ನೀರಿನಿಂದ ಸರಿಹೊಂದಿಸಿಕೊಂಡರೆ ಸಾಲದು. ಸೊನ್ನೆಯಲ್ಲಿ ಸರಿಯಿದ್ದ ಉಪಕರಣ 35ರಲ್ಲಿ ತಪ್ಪು ತೋರಿಸಬಹುದು. 35ರ ಪ್ರಮಾಣದ್ರಾವಣದಿಂದಲೇ ಸರಿಹೊಂದಿಸಬೇಕು. ಕಲ್ಲುಹವಳಗಳಿಲ್ಲದ ತೊಟ್ಟಿಯಲ್ಲಿ ಕ್ಯಾಲ್ಸಿಯಂ, ಕ್ಷಾರತೆಗಳ ಬಳಕೆ ಕಡಿಮೆಯಾದ್ದರಿಂದ ಈ ವಾರದ ಬದಲಾವಣೆಯೇ ಅವುಗಳನ್ನು ಕಾಯುತ್ತದೆ. ಕ್ಷಾರತೆ 8ರಿಂದ 9 ಡಿಕೆಎಚ್ (ಕ್ಷಾರತೆಯ ಅಳತೆಯ ಮಾನ) ನಡುವೆ ನಿಂತಿದ್ದರೆ ನಾನು ಬೇರೆ ಏನನ್ನೂ ಸುರಿಯುವುದಿಲ್ಲ.

ಶಾಖದ ವಿಷಯ ನಮ್ಮ ಊರಿಗೆ ವಿಶೇಷವಾದದ್ದು. ನೀರು 25ರಿಂದ 26 ಡಿಗ್ರಿಯಲ್ಲಿರಬೇಕು. ಏಪ್ರಿಲ್ ತಿಂಗಳಲ್ಲಿ ಕೋಣೆ 32 ಡಿಗ್ರಿ ಮುಟ್ಟಿದಾಗ ನೀರಿನ ಮೇಲ್ಮೈಗೆ ಗಾಳಿ ಬೀಸುವ ಸಣ್ಣ ಫ್ಯಾನುಗಳು ಎರಡು ಮೂರು ಡಿಗ್ರಿ ಇಳಿಸುತ್ತವೆ. ಕೋಣೆಯ ಕಿಟಕಿಗೆ ದಪ್ಪ ಪರದೆ ಎಳೆದರೆ ಇನ್ನಷ್ಟು ಸಹಾಯವಾಗುತ್ತದೆ. ಬೆಂಗಳೂರಿನ ಬೇಸಿಗೆ ಒಣಗಾಳಿಯದಾದ್ದರಿಂದ ಈ ಉಪಾಯ ನಡೆಯುತ್ತದೆ. ಮಂಗಳೂರಿನಲ್ಲಿ, ಗಾಳಿಯೇ ತೇವದಿಂದ ತುಂಬಿರುವಾಗ, ನೀರನ್ನು ತಂಪು ಮಾಡುವ ಯಂತ್ರವಾದ ಚಿಲ್ಲರ್ ಇಲ್ಲದೆ ಆಗದು. ಕರೆಂಟು ಹೋದಾಗ ದೀಪ ಆರಿದರೆ ನಷ್ಟವಿಲ್ಲ, ಆದರೆ ನೀರಿನ ಚಲನೆ ನಿಂತರೆ ಆಮ್ಲಜನಕ ಬೇಗ ಕುಸಿಯುತ್ತದೆ. ಹಾಗಾಗಿ ಮನೆಯ ಇನ್ವರ್ಟರಿಗೆ ನೀರನ್ನು ಅಲೆಯಾಡಿಸುವ ವೇವ್‌ಮೇಕರ್ ಒಂದನ್ನೇ ಜೋಡಿಸಿದ್ದೇನೆ.

ಕಲ್ಲಿನಲ್ಲಿ ನೈಟ್ರೀಕರಣದ, ಅಂದರೆ ತ್ಯಾಜ್ಯದ ಅಮೋನಿಯವನ್ನು ನೈಟ್ರೇಟಾಗಿಸುವ, ಬ್ಯಾಕ್ಟೀರಿಯಗಳು ನೆಲೆಯಾಗುವವರೆಗೆ ಮೀನನ್ನಾಗಲಿ ಹವಳವನ್ನಾಗಲಿ ಬಿಡಲಿಲ್ಲ. ಈಗ ಇರುವ ಮೀನುಗಳು ಎರಡು ಕ್ಲೌನ್ ಮತ್ತು ಒಂದು ಗೋಬಿ ಮಾತ್ರ. ಕ್ಲೌನ್ ಮೀನುಗಳನ್ನು ಹಿಡಿತದಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿರುವಾಗ, ಸಮುದ್ರದಿಂದ ಹಿಡಿದು ತಂದವನ್ನು ಕೊಳ್ಳುವ ಅಗತ್ಯವೇ ಇಲ್ಲ.

ಇನ್ನು ಬೆಳಕು. ಹವಳದ ಅಂಗಾಂಶದೊಳಗೆ ಜೋವಾಂಥೆಲ್ಲೆ ಎಂಬ ಏಕಕೋಶ ಪಾಚಿಗಳು ವಾಸಿಸುತ್ತವೆ; ಅವು ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಆಹಾರ. ಸಮುದ್ರದಲ್ಲಿ ಕೆಂಪು ಬೆಳಕು ಮೇಲಿನ ಕೆಲವು ಮೀಟರುಗಳಲ್ಲೇ ಹೀರಿಹೋಗಿ ನೀಲಿ ಮಾತ್ರ ಆಳಕ್ಕೆ ಇಳಿಯುವುದರಿಂದ, ಈ ಪಾಚಿಗಳ ವರ್ಣಕಗಳು ನೀಲಿಯನ್ನು ಚೆನ್ನಾಗಿ ಹಿಡಿಯುತ್ತವೆ. ನನ್ನ ಎಲ್‌ಇಡಿ ದೀಪದಲ್ಲಿ 420ರಿಂದ 470 ನ್ಯಾನೋಮೀಟರಿನ ನೇರಳೆ, ನೀಲಿಗಳೇ ಪ್ರಧಾನ. ಬಿಳಿಯನ್ನು ನೋಟಕ್ಕೆ ಬೇಕಾದಷ್ಟು, ಅಂದರೆ ಹತ್ತನೆಯ ಒಂದು ಪಾಲಿನಷ್ಟು ಮಾತ್ರ, ಬೆಳಗಿಸುತ್ತೇನೆ. ಬಿಳಿ ಮತ್ತು ಕೆಂಪು ಹೆಚ್ಚಿದಷ್ಟೂ ಗಾಜಿನ ಮೇಲೆ ಬೇಡದ ಪಾಚಿ ಹೆಚ್ಚುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಬೆಳಕಿನ ಪ್ರಮಾಣವನ್ನು ಕಣ್ಣಿನಿಂದ ಅಂದಾಜಿಸಲಾಗದು. ಫೋನಿನ ಲಕ್ಸ್ ಆ್ಯಪ್‌ ಮನುಷ್ಯನ ಕಣ್ಣಿಗೆ ಚೆನ್ನಾಗಿ ಕಾಣುವ ಹಸಿರಿಗೆ ಹೆಚ್ಚು ಬೆಲೆ ಕೊಡುತ್ತದೆ, ನೀಲಿಯನ್ನು ತೀರ ಕಡಿಮೆ ಲೆಕ್ಕ ಹಾಕುತ್ತದೆ. ಪರಿಚಯದ ಹವ್ಯಾಸಿಯೊಬ್ಬರಿಂದ ನೀರಿನೊಳಗೆ ಇಳಿಸಬಹುದಾದ, ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕನ್ನು ಅಳೆಯುವ ಪಾರ್ ಮೀಟರನ್ನು ಎರವಲು ತಂದು, ತೊಟ್ಟಿಯ ಮೂಲೆ ಮೂಲೆಯನ್ನೂ ಅಳೆದು ಒಂದು ನಕ್ಷೆ ಬರೆದುಕೊಂಡೆ. ಮರಳಿನ ಮೇಲೆ 50ರಿಂದ 60, ಕಲ್ಲಿನ ನಡುಭಾಗದಲ್ಲಿ 100ರ ಆಸುಪಾಸು, ತುದಿಯಲ್ಲಿ 150. ಮಶ್ರೂಮುಗಳು ಕೆಳಗಿನ ಮಂದ ಬೆಳಕಿನಲ್ಲಿ ಅಗಲವಾಗಿ ಅರಳುತ್ತವೆ. ಜೋವಾಂಥಿಡ್‌ಗಳಿಗೂ ಲೆದರಿಗೂ ನಡುಭಾಗ ಹಿಡಿಸಿತು. ಜೋವಾಂಥಿಡ್‌ನ ಕಾಂಡ ಉದ್ದಕ್ಕೆ ಎಳೆದುಕೊಂಡರೆ ಅದಕ್ಕೆ ಬೆಳಕು ಸಾಲುತ್ತಿಲ್ಲ ಎಂದರ್ಥ. ಮಶ್ರೂಮ್ ಮುದುಡಿ ಅಂಚು ಮಡಚಿಕೊಂಡರೆ ಅದಕ್ಕೆ ಬೆಳಕು ಹೆಚ್ಚಾಗಿದೆ. ಲೆದರ್ ಕೆಲವೊಮ್ಮೆ ದಿನಗಟ್ಟಲೆ ಪುಟ್ಟ ಹೂವಿನಂಥ ತನ್ನ ಪಾಲಿಪುಗಳನ್ನು ಒಳಗೆಳೆದುಕೊಂಡು ಮೇಣದಂಥ ಪೊರೆಯನ್ನು ಕಳಚುತ್ತದೆ. ಅದು ರೋಗವಲ್ಲ, ಬೆಳಕನ್ನು ಬದಲಾಯಿಸಲು ಕಾರಣವೂ ಅಲ್ಲ. ಆಗ ಆ ದಿಕ್ಕಿಗೆ ನೀರಿನ ಹರಿವನ್ನು ತುಸು ಹೆಚ್ಚಿಸಿ ಸುಮ್ಮನಿರುವುದೇ ಸರಿ.

ಹೊಸ ದೀಪವನ್ನು ಮೂವತ್ತು ಶೇಕಡಾ ಬಲದಲ್ಲಿ ಆರಂಭಿಸಿ, ವಾರಕ್ಕೆ ಐದೈದು ಶೇಕಡಾದಂತೆ ಮಾತ್ರ ಏರಿಸಿದೆ. ಬೆಳಕು ಒಮ್ಮೆಲೇ ಹೆಚ್ಚಾದರೆ ಪಾಚಿಗಳ ದ್ಯುತಿಸಂಶ್ಲೇಷಣೆ ಹಳಿತಪ್ಪಿ, ಅಂಗಾಂಶಕ್ಕೆ ಹಾನಿ ಮಾಡುವ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಆಗ ಹವಳ ತನ್ನ ಪಾಚಿಗಳನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಇಲ್ಲಿ ಎರಡು ಸೂಕ್ಷ್ಮಗಳನ್ನು ಯಾರೂ ಮರೆಯಬಾರದು. ದೀಪದ ಗಾಜಿನ ಮೇಲೆ ತಿಂಗಳುಗಟ್ಟಲೆ ಕೂತ ಉಪ್ಪಿನ ಪೊರೆಯನ್ನು ಒರೆಸಿದ ದಿನ ಹವಳಕ್ಕೆ ಬೀಳುವ ಬೆಳಕು ಹಠಾತ್ತನೆ ಏರುತ್ತದೆ. ಹಾಗೆಯೇ ಬಹಳ ದಿನದಿಂದ ಹಳದಿಯಾಗಿದ್ದ ನೀರಿಗೆ ಹೊಸ ಇದ್ದಿಲು ಹಾಕಿದಾಗ ನೀರು ತಿಳಿಯಾಗಿ ನೀಲಿ ಬೆಳಕು ಹೆಚ್ಚು ಇಳಿಯುತ್ತದೆ. ಆದ್ದರಿಂದ ಗಾಜನ್ನು ವಾರವಾರವೂ ಒರೆಸುತ್ತೇನೆ, ಇದ್ದಿಲನ್ನು ಸ್ವಲ್ಪ ಸ್ವಲ್ಪವಾಗಿ ಬದಲಾಯಿಸುತ್ತೇನೆ.

ದೀಪ ಮಧ್ಯಾಹ್ನ ಎರಡಕ್ಕೆ ಮೆಲ್ಲಗೆ ಹೊತ್ತಿ, ನಾಲ್ಕೂವರೆಯ ನಂತರ ಪೂರ್ಣಬಲಕ್ಕೆ ಬಂದು, ಒಂಬತ್ತೂವರೆಯಿಂದ ಇಳಿದು ಹನ್ನೊಂದಕ್ಕೆ ಆರುತ್ತದೆ. ದಿನದ ಶಾಖ ಮತ್ತು ದೀಪದ ಶಾಖ ಆದಷ್ಟು ಕಡಿಮೆ ಹೊತ್ತು ಒಂದಾಗಲಿ ಎಂಬುದು ಇದರ ಉದ್ದೇಶ. ಕೆಲಸ ಮುಗಿಸಿ ಬಂದವರಿಗೆ ತೊಟ್ಟಿಯನ್ನು ನೋಡಲು, ಪರೀಕ್ಷಿಸಲು ಸಮಯ ಸಿಗುವುದೂ ಇದರಿಂದಲೇ.

ಪೀಡೆಗಳಲ್ಲಿ ಏಪ್ಟೇಸಿಯಾಕ್ಕೇ ಮೊದಲ ಸ್ಥಾನ. ಕಂದುಬಣ್ಣದ ಈ ಪುಟ್ಟ ಸಮುದ್ರ ಹೂವು ನೋಡಲು ಮುದ್ದಾಗಿದ್ದರೂ ತನ್ನ ಕುಟುಕು ಎಳೆಗಳಿಂದ ನೆರೆಯ ಹವಳಗಳನ್ನು ಸುಡುತ್ತದೆ. ಅದನ್ನು ಕಿತ್ತುಹಾಕಲು ಹೋಗುವುದು ಅತ್ಯಂತ ಕೆಟ್ಟ ಉಪಾಯ, ಏಕೆಂದರೆ ಕಲ್ಲಿಗೆ ಅಂಟಿ ಉಳಿದ ಪಾದದ ಒಂದೊಂದು ಚೂರೂ ಹೊಸ ಏಪ್ಟೇಸಿಯಾ ಆಗಿ ಬೆಳೆಯಬಲ್ಲದು. ನಾನು ಬಳಸುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಗಟ್ಟಿ ಲೇಪ. ಎಲೆಯಡಿಕೆಗೆ ಹಚ್ಚುವ ಸುಣ್ಣವೂ ಮೂಲತಃ ಇದೇ ಆದರೂ ಅದರಲ್ಲಿ ಬೇರೇನು ಬೆರೆತಿದೆಯೋ ಹೇಳಲಾಗದು. ಪ್ರಯೋಗಾಲಯ ದರ್ಜೆಯದ್ದನ್ನೇ ತರಬೇಕು. ಎಲ್ಲ ಪಂಪುಗಳನ್ನು ನಿಲ್ಲಿಸಿ, ಮೊಂಡು ಸೂಜಿಯ ಸಿರಿಂಜನ್ನು ಅದರ ಬಾಯಿಯ ಹತ್ತಿರ ನಿಧಾನವಾಗಿ ತಂದು, ಅದು ಒಳಸರಿಯುವ ಮೊದಲೇ ಮೇಲೆ ಲೇಪವನ್ನು ಕೂರಿಸಬೇಕು. ಅರ್ಧ ಗಂಟೆಯ ನಂತರ ಉಳಿದ ಲೇಪವನ್ನು ಕೊಳವೆಯಿಂದ ಹೀರಿ ತೆಗೆದು ಪಂಪು ಹಾಕುತ್ತೇನೆ. ಸುಣ್ಣ ನೀರಿನ ಪಿಎಚ್‌ ಅನ್ನು ಏರಿಸುವುದರಿಂದ ಅರುವತ್ತು ಲೀಟರಿನಲ್ಲಿ ಒಂದು ಸಂಜೆಗೆ ಮೂರು ನಾಲ್ಕಕ್ಕಿಂತ ಹೆಚ್ಚು ಏಪ್ಟೇಸಿಯಾಗಳನ್ನು ಮುಟ್ಟುವುದಿಲ್ಲ. ಪೆಪ್ಪರ್‌ಮಿಂಟ್ ಸೀಗಡಿಗಳು ಇದನ್ನು ತಿನ್ನುತ್ತವೆ, ಆದರೆ ಪ್ರತಿಯೊಂದೂ ತಿನ್ನುತ್ತದೆ ಎಂಬ ಭರವಸೆಯಿಲ್ಲ. ಅದರ ಹೆಸರಿನಲ್ಲೇ ಮಾರಾಟವಾಗುವ, ಬೆನ್ನು ಗೂನಾದ ಕ್ಯಾಮೆಲ್ ಸೀಗಡಿಯಂತೂ ಹವಳದ ಪಾಲಿಪುಗಳನ್ನೇ ಮುಕ್ಕುತ್ತದೆ. ಬರ್ಗಿಯಾ ಎಂಬ ಚಿಪ್ಪಿಲ್ಲದ ಸಮುದ್ರ ಬಸವನಹುಳುವಿಗೆ ಏಪ್ಟೇಸಿಯಾ ಬಿಟ್ಟರೆ ಬೇರೆ ಆಹಾರವಿಲ್ಲ, ಅದು ಮುಗಿದೊಡನೆ ಹಸಿದು ಸಾಯುತ್ತದೆ. ಕೆಲವೇ ಏಪ್ಟೇಸಿಯಾಗಳಿರುವ ನನ್ನ ತೊಟ್ಟಿಗೆ ಒಂದು ಜೀವವನ್ನು ಸಾಯಲೆಂದೇ ತರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಕೆಂಗಂದು ಬಣ್ಣದ ಚಪ್ಪಟೆ ಹುಳುಗಳು ಬೇರೆ ಬಗೆಯ ಸಮಸ್ಯೆ. ಇವುಗಳ ಮೈಯಲ್ಲೂ ಪಾಚಿಗಳಿರುವುದರಿಂದ ಇವೂ ಬೆಳಕನ್ನು ಅರಸಿ ಬರುತ್ತವೆ; ದೀಪ ಪೂರ್ಣಬಲದಲ್ಲಿರುವ ಹೊತ್ತಿನಲ್ಲಿ ಮರಳಿನ ಮೇಲೂ ಕಲ್ಲಿನ ಮೇಲೂ ಗುಂಪಾಗಿ ಹರಡಿಕೊಳ್ಳುತ್ತವೆ. ವಾರದ ನೀರು ಬದಲಾವಣೆಯನ್ನು ಆ ಹೊತ್ತಿಗೇ ಇಟ್ಟುಕೊಂಡು, ಸಪೂರ ಕೊಳವೆಯಿಂದ ಅವುಗಳನ್ನು ಹೀರುತ್ತಾ ಬಂದರೆ ಎರಡು ಕೆಲಸಗಳೂ ಒಟ್ಟಿಗೆ ಆಗುತ್ತವೆ. ಔಷಧಿಯಿಂದ ಎಲ್ಲವನ್ನೂ ಒಮ್ಮೆಗೇ ಕೊಂದರೆ ಅವುಗಳ ಮೈಯಿಂದ ಬಿಡುಗಡೆಯಾಗುವ ವಿಷ ಇಷ್ಟು ಚಿಕ್ಕ ತೊಟ್ಟಿಯ ಮೀನುಗಳನ್ನೇ ಕೊಲ್ಲಬಹುದು.

ಕಲ್ಲಿನ ಸಂದಿಗಳಲ್ಲಿ ರಾತ್ರಿ ಓಡಾಡುವ ಬಿರುಗೂದಲ ಹುಳುಗಳನ್ನು ಕಂಡು ಹೆದರಿದವರು ಬಹಳ. ಅವು ಉಳಿದ ಆಹಾರವನ್ನು ತಿಂದು ತೊಟ್ಟಿಯನ್ನು ಚೊಕ್ಕಟವಾಗಿಡುತ್ತವೆ. ಬರಿಗೈಯಿಂದ ಮುಟ್ಟದಿದ್ದರೆ ಆಯಿತು. ಕಲ್ಲಿನಿಂದ ಚೂಪು ಕೊಳವೆಯಂತೆ ಎದ್ದು ಲೋಳೆಯ ಬಲೆ ಬೀಸುವ ವರ್ಮೆಟಿಡ್ ಬಸವನಹುಳುವಿನ ಬಾಯಿಯನ್ನು ಸೂಪರ್ ಗ್ಲೂ ಜೆಲ್ ಹಾಕಿ ಮುಚ್ಚುತ್ತೇನೆ. ಹಸಿರು ಗುಳ್ಳೆಪಾಚಿ ಕಂಡರೆ ಆ ಕಲ್ಲನ್ನು ಹೊರಗೆ ತೆಗೆದು, ಗುಳ್ಳೆ ಒಡೆಯದಂತೆ ಬುಡಸಹಿತ ಬಿಡಿಸುತ್ತೇನೆ.

ಡೈನೊಫ್ಲ್ಯಾಜೆಲೇಟುಗಳೆಂಬ ಏಕಕೋಶ ಜೀವಿಗಳ ಬಗ್ಗೆ ಮಾತ್ರ ಹೆಚ್ಚು ಹೇಳಬೇಕು, ಏಕೆಂದರೆ ಅವು ಬರುವುದು ತೊಟ್ಟಿ ತೀರ ಚೊಕ್ಕಟವಾದಾಗ. ಗಾಳಿಗುಳ್ಳೆಗಳನ್ನು ಹಿಡಿದಿಟ್ಟುಕೊಂಡ ಕಂದು ಲೋಳೆ ಹಗಲಿನಲ್ಲಿ ಹಬ್ಬಿ ರಾತ್ರಿ ಕಡಿಮೆಯಾಗುವುದು ಅವುಗಳ ಗುರುತು. ನೈಟ್ರೇಟು, ಫಾಸ್ಫೇಟುಗಳು ಸೊನ್ನೆಗಿಳಿದಾಗ ಅವುಗಳೊಡನೆ ಪೈಪೋಟಿ ಮಾಡುವ ಇತರ ಸೂಕ್ಷ್ಮಜೀವಿಗಳು ಸೋತು ಇವುಗಳಿಗೆ ಜಾಗ ಬಿಡುತ್ತವೆ. ಯಾವ ಜಾತಿ ಎಂದು ತಿಳಿಯದೆ ಏನನ್ನೂ ಮಾಡಬಾರದು. ಸಾಧಾರಣ ಶಾಲಾ ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ಇಟ್ಟು ನೋಡಿದರೆ, ಆಸ್ಟ್ರಿಯೊಪ್ಸಿಸ್ ಕಣ್ಣೀರ ಹನಿಯ ಆಕಾರದಲ್ಲಿ ಒಂದು ತುದಿಯ ಸುತ್ತ ಗಿರಗಿರನೆ ತಿರುಗುವುದು ಕಾಣುತ್ತದೆ. ಆಂಫಿಡಿನಿಯಂ ನುಣುಪಾಗಿ ಜಾರುತ್ತಾ ಸಾಗುತ್ತದೆ. ಮೊದಲನೆಯದು ರಾತ್ರಿ ನೀರಿಗೆ ಬಿಡಿಸಿಕೊಳ್ಳುವುದರಿಂದ ನೀರು ಹಾಯುವ ಅತಿನೇರಳೆ ದೀಪದ ಸಾಧನ ಅದನ್ನು ಕೊಲ್ಲುತ್ತದೆ. ಎರಡನೆಯದು ಮರಳನ್ನು ಬಿಟ್ಟು ಏಳುವುದಿಲ್ಲ, ಆದ್ದರಿಂದ ಆ ದೀಪ ವ್ಯರ್ಥ. ನನ್ನಲ್ಲಿದ್ದದ್ದು ಎರಡನೆಯದು. ನೀರು ಬದಲಾಯಿಸುವುದನ್ನು ಕೆಲಕಾಲ ನಿಲ್ಲಿಸಿ, ಮೀನುಗಳಿಗೆ ಆಹಾರ ಹೆಚ್ಚಿಸಿ, ನೈಟ್ರೇಟನ್ನು 5 ಪಿಪಿಎಂ (ಹತ್ತು ಲಕ್ಷಕ್ಕೆ ಐದು ಭಾಗ), ಫಾಸ್ಫೇಟನ್ನು 0.05ರ ಸುತ್ತ ಬರುವಂತೆ ಮಾಡಿದೆ. ಬೆಳಕನ್ನಾಗಲಿ ಹರಿವನ್ನಾಗಲಿ ಆ ಅವಧಿಯಲ್ಲಿ ಮುಟ್ಟಲಿಲ್ಲ. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದು ಫಲ ಕೊಟ್ಟಿತು, ಯಾವುದು ಕೆಡಿಸಿತು ಎಂದು ತಿಳಿಯುವ ದಾರಿಯೇ ಉಳಿಯುವುದಿಲ್ಲ. ಲೋಳೆ ನಿಧಾನವಾಗಿ ತೆಳುವಾಗಿ, ಮರಳು ಮತ್ತೆ ಬಿಳಿಯಾಯಿತು.

ಹೊಸ ಹವಳದ ತುಂಡು ಮನೆಗೆ ಬಂದಾಗ ಅದನ್ನು ನೇರವಾಗಿ ತೊಟ್ಟಿಗೆ ಬಿಡುವುದಿಲ್ಲ. ಜೋವಾಂಥಿಡ್ ತಿನ್ನುವ ನ್ಯೂಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಸಮುದ್ರ ಬಸವನಹುಳು ತಾನು ತಿಂದ ಪಾಲಿಪಿನ ಬಣ್ಣವನ್ನೇ ತಳೆಯುವುದರಿಂದ ಬರಿಗಣ್ಣಿಗೆ ಸಿಗುವುದು ಕಷ್ಟ. ಹವಳದ ತುಂಡು ಅಂಟಿಕೊಂಡು ಬಂದ ಅಡಿಗಲ್ಲನ್ನು ಎಸೆದು, ತುಂಡನ್ನು ಅಯೊಡಿನ್ ದ್ರಾವಣದಲ್ಲಿ ಅದ್ದಿ, ಹೊಸ ಅಡಿಗಲ್ಲಿಗೆ ಅಂಟಿಸಿ, ಪ್ರತ್ಯೇಕ ಪಾತ್ರೆಯಲ್ಲಿ ಸಣ್ಣ ದೀಪದ ಕೆಳಗೆ ಇಡುತ್ತೇನೆ. ಅದ್ದುವುದರಿಂದ ಹುಳುಗಳು ಉದುರಿದರೂ ಮೊಟ್ಟೆಗಳು ಸಾಯುವುದಿಲ್ಲ. ವಾರ ಬಿಟ್ಟು ಮತ್ತೆ ಅದ್ದಿ, ಭೂತಗನ್ನಡಿ ಹಿಡಿದು ಸುರುಳಿಯಾಕಾರದ ಮೊಟ್ಟೆಗಳಿಗಾಗಿ ಹುಡುಕಲೇಬೇಕು.

ಈ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಹಲವು ಜೋವಾಂಥಿಡ್‌ಗಳಲ್ಲಿ, ಅದರಲ್ಲೂ ಪಾಲಿಥೋವಾ ಕುಲದವುಗಳಲ್ಲಿ, ಪಾಲಿಟಾಕ್ಸಿನ್ ಎಂಬ ಅತ್ಯಂತ ತೀವ್ರ ವಿಷವಿರುತ್ತದೆ. ಅವುಗಳನ್ನು ಕತ್ತರಿಸುವಾಗ ಕೈಗವಸು ಮತ್ತು ಕನ್ನಡಕ ಧರಿಸಬೇಕು. ಚಿಮ್ಮುವ ಹನಿ ಕಣ್ಣಿಗೆ ಬೀಳಬಾರದು, ಕೈಯ ಮೇಲಿನ ಗಾಯಕ್ಕೆ ತಾಗಬಾರದು. ಅವು ಅಂಟಿರುವ ಕಲ್ಲನ್ನು ಶುಚಿಗೊಳಿಸಲೆಂದು ಯಾವ ಕಾರಣಕ್ಕೂ ಕುದಿಸಬಾರದು, ಬಿಸಿನೀರಿನಿಂದ ತೊಳೆಯಬಾರದು, ಗಟ್ಟಿ ಬ್ರಶ್ಶಿನಿಂದ ಉಜ್ಜಬಾರದು. ಆವಿಯ ಹನಿಗಳೊಂದಿಗೆ ವಿಷ ಉಸಿರಿಗೆ ಸೇರಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಘಟನೆಗಳು ಹೊರದೇಶಗಳಲ್ಲಿ ನಡೆದಿವೆ. ನಾನು ಕತ್ತರಿಸುವ ಕೆಲಸವನ್ನು ನೀರು ತುಂಬಿದ ಅಗಲ ಪಾತ್ರೆಯೊಳಗೆ, ಅಡುಗೆಮನೆಯಿಂದ ದೂರದಲ್ಲಿ, ಮಕ್ಕಳು ಹತ್ತಿರವಿಲ್ಲದ ಹೊತ್ತಿನಲ್ಲಿ ಮಾಡುತ್ತೇನೆ. ಆ ಚಾಕು, ಪಾತ್ರೆ, ಬಟ್ಟೆಗಳು ಬೇರೆ ಯಾವ ಬಳಕೆಗೂ ಹೋಗುವುದಿಲ್ಲ.