ಕಾರಿನ ಬಣ್ಣದ ಗುಳ್ಳೆ, ತುಕ್ಕು: ವಾರಂಟಿಯಲ್ಲೇ ಸರಿಯಾಯಿತು

ಹಿಂದಿನ ಬಾಗಿಲಿನ ಕೆಳ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದಿದ್ದವು. ಬೆರಳಿಟ್ಟು ಒತ್ತಿದರೆ ಮೆತ್ತಗಿದ್ದವು. ತಗಡಿನ ಅಂಚು ಒಳಕ್ಕೆ ಮಡಚಿದ ಕಡೆ ಕಂದು ಪುಡಿ. ಸರ್ವಿಸ್ ಸೆಂಟರ್‌ನಲ್ಲಿ ನೋಡಿದ ತಕ್ಷಣ "ಕಲ್ಲು ತಗುಲಿದೆ, ವಾರಂಟಿ ಬರಲ್ಲ" ಅಂದರು.

ಕಲ್ಲು ತಗುಲಿದ್ದರೆ ಬಣ್ಣದ ಚಕ್ಕೆ ಹಾರಿರಬೇಕು, ಅಲ್ವಾ? ಇಲ್ಲಿ ಬಣ್ಣ ಎಲ್ಲೂ ಒಡೆದಿರಲಿಲ್ಲ. ತುಕ್ಕು ಒಳಗಿನಿಂದ ಬಂದಿತ್ತು. ನನ್ನ ಕೈಗೆ ಸಿಕ್ಕ ಗಟ್ಟಿ ಸಾಕ್ಷಿ ಇದೇ. ಅದಕ್ಕೇ ಹೇಳುವುದು, ಗುಳ್ಳೆಯನ್ನು ಕೆರೆಯಲೇಬೇಡಿ.

ವಾರಂಟಿ ಪುಸ್ತಕ ಪೂರ್ತಿ ಓದಿ. ಸಾಮಾನ್ಯವಾಗಿ ಬಣ್ಣಕ್ಕೆ ಒಂದು ಅವಧಿ ಇರುತ್ತದೆ, ತಗಡು ತೂತಾಗುವ ತುಕ್ಕಿಗೆ ಅದಕ್ಕಿಂತ ಜಾಸ್ತಿ. ನನ್ನದು ತೂತಾಗಿರಲಿಲ್ಲ, ಹಾಗಾಗಿ ಬಣ್ಣದ ವಾರಂಟಿಯಲ್ಲೇ ಕೇಳಿದೆ. ಫೋಟೊ, ಸರ್ವಿಸ್ ದಾಖಲೆ, ಚಾಸಿ ನಂಬರ್ ಸೇರಿಸಿ ನೇರವಾಗಿ ಕಂಪನಿಗೆ ಇಮೇಲ್ ಮಾಡಿದೆ. ಆಗಲ್ಲ ಅನ್ನುವುದಾದರೆ ಕಾರಣ ಬರೆದು ಕೊಡಿ ಎಂದೂ ಸೇರಿಸಿದೆ. ಆಮೇಲೆ ಕಂಪನಿಯವರು ಬಂದು ಮೀಟರ್ ಇಟ್ಟು ಬಣ್ಣದ ದಪ್ಪ ಅಳೆದರು. ಫ್ಯಾಕ್ಟರಿ ಬಣ್ಣ ಹೆಚ್ಚುಕಡಿಮೆ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಇರುತ್ತದೆ. ಮತ್ತೆ ಬಣ್ಣ ಹೊಡೆಸಿದ್ದರೆ ಅಂಕಿ ಏರುತ್ತದೆ. ನನ್ನ ಬಾಗಿಲಿನದು ಮೂಲ ಬಣ್ಣವೇ ಎಂದು ಖಾತ್ರಿಯಾಯಿತು, ಒಪ್ಪಿದರು.

ರಿಪೇರಿ ಹೇಗೆ ಮಾಡುತ್ತಾರೆ ಅನ್ನುವುದನ್ನು ಮೊದಲೇ ಕೇಳಿ. ಸುಮ್ನೆ ಮೇಲೆ ಉಜ್ಜಿ ಬಣ್ಣ ಬಳಿದರೆ ತುಕ್ಕು ಮತ್ತೆ ಬರುತ್ತದೆ. ನನ್ನದರಲ್ಲಿ ಬರೀ ತಗಡು ಕಾಣುವವರೆಗೆ ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ಮಡಚಿದ ಅಂಚಿಗೆ ನೀರು ಒಳಗೆ ಹೋಗದಂತೆ ಸೀಲರ್ ಹಾಕಿದರು. ಕಾರು ತರುವಾಗ ಬಾಗಿಲಿನ ತಳದ ನೀರು ಹರಿಯುವ ತೂತುಗಳು ಮುಚ್ಚಿಲ್ಲ ತಾನೇ ಎಂದು ಬಗ್ಗಿ ನೋಡಿದೆ. ಜಾಬ್ ಕಾರ್ಡಿನಲ್ಲಿ ವಾರಂಟಿ ರಿಪೇರಿ ಎಂದು ಬರೆಸಿಕೊಂಡೆ.