7 ಕಿಲೋ ಚೀಲದಲ್ಲಿ ಕಾಶಿಯಾತ್ರೆ

ಮದುವೆಮನೆಯಲ್ಲಿ ಕಾಶಿಯಾತ್ರೆಗೆ ಹೊರಡುವ ವರನ ಕೈಯಲ್ಲಿ ಒಂದು ಕೊಡೆ, ಒಂದು ಕೋಲು, ಒಂದು ಪುಸ್ತಕ, ಹೆಗಲ ಮೇಲೊಂದು ಶಲ್ಯ ಇರುತ್ತವೆ. ಚಪ್ಪರ ದಾಟುವ ಮೊದಲೇ ಹೆಣ್ಣಿನ ತಂದೆ ಅವನನ್ನು ಒಪ್ಪಿಸಿ ಹಿಂದಕ್ಕೆ ಕರೆತರುವುದರಿಂದ ಆ ಸಾಮಾನು ಸಾಕಾಗುತ್ತದೆಯೋ ಇಲ್ಲವೋ ಎಂಬ ಪರೀಕ್ಷೆ ಎಂದೂ ನಡೆಯುವುದಿಲ್ಲ. ನಿಜವಾಗಿಯೂ ಕಾಶಿಗೆ ಹೊರಡುವ ನಾವು ಮಾತ್ರ ಐದು ದಿನದ ಪ್ರವಾಸಕ್ಕೆ ಎರಡು ಟ್ರಾಲಿ, ಒಂದು ತಿಂಡಿ ಚೀಲ, ಮೇಲೊಂದು ಕಂಬಳಿ ಗಂಟು ಕಟ್ಟುತ್ತೇವೆ. ಬೆಂಗಳೂರಿನಿಂದ ವಿಮಾನದಲ್ಲಿ ವಾರಾಣಸಿಗೆ ಹೋಗಿ, ಪ್ರಯಾಗ ಮತ್ತು ಅಯೋಧ್ಯೆಗಳನ್ನೂ ನೋಡಿಕೊಂಡು ಬರುವ ಯಾತ್ರೆಯನ್ನು, ವಿಮಾನದೊಳಗೆ ನಮ್ಮೊಡನೆಯೇ ಒಯ್ಯಬಹುದಾದ ಒಂದೇ ಚೀಲದಲ್ಲಿ ಮುಗಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಕಾರ್ತಿಕದಿಂದ ಮಾಘದವರೆಗಿನ ಚಳಿಗಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನಮ್ಮ ಕಡೆಯ ಬಹುಪಾಲು ಯಾತ್ರಿಕರು ಹೋಗುವುದು ಆಗಲೇ, ಸಾಮಾನು ಕಟ್ಟಿಕೊಳ್ಳುವುದು ಕಷ್ಟವಾಗುವುದೂ ಆಗಲೇ.

ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ಟಿಕೆಟ್ಟಿಗೆ 15 ಕಿಲೋ ಸಾಮಾನನ್ನು ಕೌಂಟರಿನಲ್ಲಿ ಒಪ್ಪಿಸಲು ಅವಕಾಶವಿರುವಾಗ ಇಷ್ಟು ಬಿಗಿ ಏಕೆ ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ವಿಮಾನ ನಿಲ್ದಾಣದಲ್ಲಿಲ್ಲ, ಕಾಶಿಯ ಗಲ್ಲಿಗಳಲ್ಲಿದೆ. ಗೋದೌಲಿಯಾ ಚೌಕದಿಂದ ಮುಂದಕ್ಕೆ ಘಾಟ್‌ಗಳ ಕಡೆಗೆ ಇಳಿಯುವ ಓಣಿಗಳಿಗೆ ಕಾರು ಬರುವುದಿಲ್ಲ. ಕನ್ನಡಿಗರು ಹೆಚ್ಚಾಗಿ ಇಳಿದುಕೊಳ್ಳುವ ಜಂಗಮವಾಡಿ ಮಠದ ಸುತ್ತಮುತ್ತ, ಕೇದಾರ ಘಾಟ್, ಹಿಂದೆ ಮೈಸೂರು ಘಾಟ್ ಎನಿಸಿಕೊಂಡಿದ್ದ ಕರ್ನಾಟಕ ಘಾಟ್, ಅದರ ಪಕ್ಕದ ಹನುಮಾನ್ ಘಾಟ್, ಈ ಎಲ್ಲ ಕಡೆಯೂ ಕೊನೆಯ ಹಾದಿ ಕಲ್ಲು ಹಾಸಿನದು, ಮೆಟ್ಟಿಲಿನದು, ನಡುವೆ ಮಲಗಿದ ಹಸುವಿನದು. ಮೊದಲ ಸಲ ನಾನು ಹೊಸ ಟ್ರಾಲಿಯೊಂದನ್ನು ಈ ಹಾದಿಯಲ್ಲಿ ಎಳೆದುಕೊಂಡು ಹೋಗಿದ್ದೆ. ಕಾಲು ಗಂಟೆಯಲ್ಲಿ ಒಂದು ಚಕ್ರ ಕಿತ್ತುಹೋಗಿ, ಉಳಿದ ದಾರಿಯುದ್ದಕ್ಕೂ ಅದನ್ನು ಕೂಸಿನಂತೆ ಎತ್ತಿಕೊಂಡೇ ನಡೆಯಬೇಕಾಯಿತು. ಅದಾದ ಮೇಲೆ ಪ್ರಯಾಗಕ್ಕೆ ಸುಮಾರು 120 ಕಿಲೋಮೀಟರ್, ಅಯೋಧ್ಯೆಗೆ ಸುಮಾರು 200 ಕಿಲೋಮೀಟರ್ ಪ್ರಯಾಣವಿದ್ದು, ಪ್ರತಿ ಊರಿನಲ್ಲೂ ಸಾಮಾನು ಇಳಿಸುವುದು, ಏರಿಸುವುದು ಇದ್ದೇ ಇರುತ್ತದೆ. ಆದ್ದರಿಂದ ಮಿತಿಯನ್ನು ನಿರ್ಧರಿಸಬೇಕಾದದ್ದು ವಿಮಾನ ಕಂಪನಿಯಲ್ಲ, ನಮ್ಮ ಬೆನ್ನು.

ಮೊದಲು ಚೀಲದ ಆಯ್ಕೆ. ನಮ್ಮ ದೇಶೀಯ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ. ಅಳತೆ ಸುಮಾರು 55, 35, 25 ಸೆಂಟಿಮೀಟರಿನೊಳಗೆ ಇರಬೇಕು. ಹೆಂಗಸರ ಪರ್ಸು ಅಥವಾ ಲ್ಯಾಪ್‌ಟಾಪ್ ಚೀಲವನ್ನು ಇದರ ಜೊತೆಗೆ ಬಿಡುತ್ತಾರೆಯೇ, ಅದರ ತೂಕ ಬೇರೆಯೇ ಅಥವಾ ಇದರಲ್ಲೇ ಸೇರಿತೇ ಎಂಬುದು ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಾಗುವುದರಿಂದ ನಿಮ್ಮ ಟಿಕೆಟ್ಟಿನಲ್ಲಿ ಬರೆದಿರುವುದನ್ನು ಓದಿಕೊಳ್ಳಿ. ಗಟ್ಟಿ ಚಿಪ್ಪಿನ ಟ್ರಾಲಿ ಖಾಲಿಯಿರುವಾಗಲೇ ಎರಡೂವರೆಯಿಂದ ಮೂರು ಕಿಲೋ ತೂಗುತ್ತದೆ. ಅಂದರೆ ಬಟ್ಟೆ ಇಡುವ ಮೊದಲೇ ನಮ್ಮ ಪಾಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. 35ರಿಂದ 40 ಲೀಟರಿನ, ಸೊಂಟಕ್ಕೆ ಪಟ್ಟಿ ಇರುವ, ಒಂದು ಕಿಲೋ ಆಸುಪಾಸಿನ ಬೆನ್ನುಚೀಲವೇ ಈ ಯಾತ್ರೆಗೆ ಸರಿ. ಹುಬ್ಬಳ್ಳಿಯಂಥ ಊರುಗಳಿಂದ ಎಟಿಆರ್ ವಿಮಾನದಲ್ಲಿ ಬೆಂಗಳೂರಿಗೆ ಬಂದು ಮುಂದೆ ಹೋಗುವವರಿಗೆ ಇದರಿಂದ ಇನ್ನೊಂದು ಅನುಕೂಲವಿದೆ: ಆ ಸಣ್ಣ ವಿಮಾನದ ತಲೆಮೇಲಿನ ಗೂಡುಗಳಲ್ಲಿ ದೊಡ್ಡ ಟ್ರಾಲಿ ಹಿಡಿಸುವುದಿಲ್ಲ, ಮೆತ್ತನೆಯ ಚೀಲವಾದರೆ ಒತ್ತಿ ಕೂರಿಸಬಹುದು.

ಇನ್ನು ಬಟ್ಟೆ. ಎಷ್ಟು ದಿನದ ಯಾತ್ರೆಯೋ ಅಷ್ಟು ಜೊತೆ ಎಂಬ ಲೆಕ್ಕವನ್ನು ಕೈಬಿಟ್ಟು, ಮೈಮೇಲೆ ಒಂದು ಜೊತೆ, ಚೀಲದಲ್ಲಿ ಎರಡು ಜೊತೆ ಎಂಬ ಲೆಕ್ಕವನ್ನು ಹಿಡಿಯಬೇಕು. ಐದು ದಿನವಾದರೂ ಇಷ್ಟೇ, ಹತ್ತು ದಿನವಾದರೂ ಇಷ್ಟೇ. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ ನೋಡಿದರೆ ಯಾವುದು ಶತ್ರು, ಯಾವುದು ಮಿತ್ರ ಎಂದು ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ತೂಗಿದಾಗ ಒಂದು ಜೀನ್ಸ್ ಪ್ಯಾಂಟು 700 ಗ್ರಾಂ ಬಂದರೆ, ತೆಳು ಅಂಚಿನ ಹತ್ತಿಯ ಪಂಚೆ 250 ಗ್ರಾಂ ಬಂತು. ಜರಿಯ ರೇಷ್ಮೆ ಸೀರೆ 800 ಗ್ರಾಂ, ಜಾರ್ಜೆಟ್ ಸೀರೆ ಅದರ ಅರ್ಧ. ಟರ್ಕಿ ಟವೆಲ್ಲು 450 ಗ್ರಾಂ, ಪಾಣಿಪಂಚೆ 120 ಗ್ರಾಂ. ಅಜ್ಜಂದಿರ ಹೆಗಲ ಮೇಲೆ ಇರುತ್ತಿದ್ದ ಈ ಪಾಣಿಪಂಚೆಯಷ್ಟು ಉಪಕಾರಿಯಾದ ಪ್ರವಾಸದ ಬಟ್ಟೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಮೈ ಒರೆಸುತ್ತದೆ, ತಲೆಗೆ ಸುತ್ತಿಕೊಳ್ಳಲು ಆಗುತ್ತದೆ, ದೋಣಿಯಲ್ಲಿ ಕೂರಲು ಹಾಸಾಗುತ್ತದೆ, ಎರಡು ತಾಸಿನಲ್ಲಿ ಒಣಗುತ್ತದೆ. ಎರಡು ಪಾಣಿಪಂಚೆ ಇಟ್ಟುಕೊಳ್ಳಿ, ಟರ್ಕಿ ಟವೆಲ್ಲನ್ನು ಮನೆಯಲ್ಲೇ ಬಿಡಿ.

ಗಂಡಸರು ಪ್ಯಾಂಟು, ಶರ್ಟು, ಸ್ವೆಟರ್ ಧರಿಸಿ ಹೊರಟು, ಚೀಲದಲ್ಲಿ ಎರಡು ಶರ್ಟು, ಒಂದು ತೆಳು ಪ್ಯಾಂಟು, ಸ್ನಾನಕ್ಕೊಂದು ಮತ್ತು ಪೂಜೆ ಅಥವಾ ಪಿತೃಕಾರ್ಯಕ್ಕೊಂದು ಪಂಚೆ, ಒಂದು ಶಲ್ಯ ಇಟ್ಟುಕೊಂಡರೆ ಸಾಕು. ಹೆಂಗಸರು ಸೆಲ್ವಾರ್ ಧರಿಸಿ ಹೊರಟು, ಚೀಲದಲ್ಲಿ ಇನ್ನೊಂದು ಸೆಲ್ವಾರ್, ಗಂಗಾಸ್ನಾನಕ್ಕೆ ಒಂದು ಸಿಂಥೆಟಿಕ್ ಸೀರೆ, ದರ್ಶನಕ್ಕೆ ಒಂದು ಹಗುರ ರೇಷ್ಮೆ ಇಟ್ಟುಕೊಳ್ಳಬಹುದು. ಎರಡೂ ಸೀರೆ ಒಂದೇ ಬಣ್ಣದ ಕಡೆಯವಾದರೆ ಒಂದೇ ಲಂಗ ಎರಡಕ್ಕೂ ಆಗುತ್ತದೆ. ಆದರೆ ಸ್ನಾನದಲ್ಲಿ ಲಂಗವೂ ನೆನೆಯುವುದರಿಂದ ಆ ದಿನಕ್ಕೆ ಸೆಲ್ವಾರಿನ ಪೈಜಾಮವನ್ನೇ ಒಳಗೆ ಉಡುವವರೂ ಇದ್ದಾರೆ. ಚಳಿಗೆ ದಪ್ಪ ಜಾಕೆಟ್ ಒಂದಕ್ಕಿಂತ ತೆಳುವಾದ ಮೂರು ಪದರ ಉತ್ತಮ: ಒಳಗೆ ಥರ್ಮಲ್, ಮೇಲೆ ಶರ್ಟು, ಅದರ ಮೇಲೆ ಸ್ವೆಟರ್. ಉಣ್ಣೆಯ ಶಾಲು, ಮಂಕಿ ಟೋಪಿ, ಕಾಲುಚೀಲಗಳು ಪ್ರತ್ಯೇಕ. ತೂಕದ ಶೂ, ಸ್ವೆಟರ್ ಮೈಮೇಲೆಯೇ ಇರಲಿ. ಬೆಂಗಳೂರಿನ ಸೆಕೆಯಲ್ಲಿ ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡರೆ ಯಾರೂ ನಗುವುದಿಲ್ಲ. ಚೀಲದಲ್ಲಿ ಹವಾಯಿ ಚಪ್ಪಲಿ ಒಂದು ಜೊತೆ ಇರಲಿ.

ಈ ಲೆಕ್ಕವೆಲ್ಲ ನಿಂತಿರುವುದು ಬಟ್ಟೆ ಒಗೆಯುವುದರ ಮೇಲೆ, ಮತ್ತು ಚಳಿಗಾಲದ ಕಾಶಿಯಲ್ಲಿ ಒಗೆಯುವುದಲ್ಲ, ಒಣಗಿಸುವುದೇ ಸಮಸ್ಯೆ. ಮಂಜು ಕವಿದ ದಿನ ಮಧ್ಯಾಹ್ನದವರೆಗೆ ಬಿಸಿಲಿರುವುದಿಲ್ಲ. ರಾತ್ರಿ ಕೋಣೆಯಲ್ಲಿ ಹರವಿದ ಶರ್ಟು ಬೆಳಿಗ್ಗೆಯೂ ತಣ್ಣಗೆ ಅಂಟುತ್ತದೆ. ಅದಕ್ಕೆ ಹೀಗೆ ಮಾಡಬೇಕು. ಒಗೆದ ಶರ್ಟನ್ನು ಕೈಯಿಂದ ಹಿಂಡಿ, ಒಣಗಿದ ಪಾಣಿಪಂಚೆಯನ್ನು ಮಂಚದ ಮೇಲೆ ಉದ್ದಕ್ಕೆ ಹಾಸಿ, ಅದರ ಮೇಲೆ ಶರ್ಟನ್ನು ಸುಕ್ಕಿಲ್ಲದಂತೆ ಹರವಿ, ಎರಡನ್ನೂ ಸೇರಿಸಿ ಚಾಪೆ ಸುತ್ತುವಂತೆ ಬಿಗಿಯಾಗಿ ಸುತ್ತಿ, ಎರಡು ತುದಿಗಳನ್ನು ಹಿಡಿದು ವಿರುದ್ಧ ದಿಕ್ಕಿಗೆ ತಿರುವಬೇಕು. ಇನ್ನೊಬ್ಬರು ಒಂದು ತುದಿ ಹಿಡಿದರೆ ಇನ್ನೂ ಒಳ್ಳೆಯದು. ಬಿಚ್ಚಿದಾಗ ಪಾಣಿಪಂಚೆ ಒದ್ದೆಯಾಗಿ, ಶರ್ಟು ಬರೀ ತೇವವಾಗಿ ಉಳಿದಿರುತ್ತದೆ. ಅದನ್ನು ಫ್ಯಾನಿನ ಕೆಳಗೆ ಕಟ್ಟಿದರೆ ಬೆಳಗಿನೊಳಗೆ ಉಡಬಹುದು. ಇದಕ್ಕಾಗಿ ಮೂರು ಮೀಟರ್ ನೈಲಾನ್ ದಾರ, ನಾಲ್ಕು ಕ್ಲಿಪ್ಪು, ಬಟ್ಟೆ ಸೋಪಿನ ಅರ್ಧ ತುಂಡು ಚೀಲದಲ್ಲಿರಲಿ. ಜನವರಿಯ ಮಧ್ಯದಲ್ಲಿ ಹೋಗುವವರು ಒಳಉಡುಪನ್ನು ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಸ್ನಾನ ಮಾಡಿದ ಬಟ್ಟೆಯನ್ನು ನದಿಯಲ್ಲೇ ಬಿಟ್ಟು ಬಂದರೆ ಚೀಲವೂ ಹಗುರ, ಪಾಪವೂ ಹಗುರ ಎಂದು ಕೆಲವರು ಹೇಳುವುದುಂಟು. ಕಾಶಿಯಲ್ಲಿ ಏನನ್ನಾದರೂ ಬಿಟ್ಟು ಬರಬೇಕೆಂಬ ಪದ್ಧತಿ ಇರುವುದು ನಿಜ. ಅದು ಇಷ್ಟದ ಒಂದು ಹಣ್ಣನ್ನೋ ತರಕಾರಿಯನ್ನೋ ತಿನ್ನುವುದನ್ನು ಬಿಡುವ ಮಾತು, ಸೀರೆಯನ್ನು ನೀರಿಗೆ ಎಸೆಯುವ ಮಾತಲ್ಲ.

ಸ್ನಾನದ ಸಾಮಾನಿನಲ್ಲಿ ಬಾಟಲಿಗಳನ್ನೆಲ್ಲ ತೆಗೆದುಬಿಡಿ. ಅಂಗಡಿಯ ಮುಂದೆ ಮಾಲೆಯಂತೆ ನೇತುಹಾಕಿರುವ ಶಾಂಪೂ ಸ್ಯಾಷೆ ನಾಲ್ಕು, ಸೋಪಿನ ತುಂಡು, ಸಣ್ಣ ಪೇಸ್ಟು, ತಲೆಗೆ ಹಚ್ಚುವ ಎಣ್ಣೆ ಪುಟ್ಟ ಸೀಸೆಯಲ್ಲಿ, ಇಷ್ಟು ಸಾಕು. ರೇಜರಿನ ಬಿಡಿ ಬ್ಲೇಡು, ಚಾಕು, ಬೆಂಕಿಪೊಟ್ಟಣ, ಲೈಟರ್ ಇವನ್ನು ಭದ್ರತಾ ತಪಾಸಣೆಯಲ್ಲಿ ತೆಗೆಸಿಬಿಡುತ್ತಾರೆ. ಯಾತ್ರಿಕರು ಮರೆಯುವುದು ಕರ್ಪೂರವನ್ನು: ಅದು ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ವಿಮಾನಕ್ಕೆ ಸಲ್ಲದು. ಒಣಕೊಬ್ಬರಿಯದೂ ಎಣ್ಣೆಯ ಕಾರಣದಿಂದ ಅದೇ ಗತಿ. ಪೂಜಾಸಾಮಗ್ರಿಯೆಲ್ಲ ಘಾಟ್‌ಗಳ ಬಳಿ ಸಿಗುವುದರಿಂದ ಬಸವನಗುಡಿಯಿಂದ ಹೊತ್ತೊಯ್ಯುವ ಅಗತ್ಯವೇ ಇಲ್ಲ. ತಿಂಡಿಯ ವಿಷಯ ಸ್ವಲ್ಪ ಸೂಕ್ಷ್ಮ. ಚಕ್ಕುಲಿ, ಕೋಡುಬಳೆ, ಹುರಿಗಾಳು, ಒಗ್ಗರಣೆ ಅವಲಕ್ಕಿ ನಿರಾತಂಕವಾಗಿ ಒಳಗೆ ಹೋಗುತ್ತವೆ. ಖಾರದ ಪುಡಿ, ಮಸಾಲೆ ಪುಡಿ, ಉಪ್ಪಿನಕಾಯಿ, ತುಪ್ಪ ಮಾತ್ರ ಕೈಚೀಲದಲ್ಲಿ ಬೇಡ. ಒಮ್ಮೆ ಒಂದು ನಿಲ್ದಾಣದಲ್ಲಿ ನಮ್ಮತ್ತೆ ರಾತ್ರಿಯಿಡೀ ಕೂತು ಕುಟ್ಟಿದ ಕಾಲು ಕಿಲೋ ಚಟ್ನಿಪುಡಿಯನ್ನು ಬುಟ್ಟಿಗೆ ಹಾಕಿಸಿದರು. ಅದನ್ನು ಅವರಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಔಷಧವನ್ನು ಸ್ಟ್ರಿಪ್ಪಿನಲ್ಲೇ, ವೈದ್ಯರ ಚೀಟಿಯೊಡನೆ ಇಡಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕೆಂಬುದು ನಿಯಮ. 100 ವ್ಯಾಟ್ ಅವರ್‌ವರೆಗೆ ಪ್ರತ್ಯೇಕ ಅನುಮತಿ ಬೇಕಿಲ್ಲ. 20,000 ಎಂಎಎಚ್ ಎಂದು ಬರೆದಿರುವುದನ್ನು ಸಾಮಾನ್ಯ 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ಬರುತ್ತದೆ, ಆದ್ದರಿಂದ ತೊಂದರೆಯಿಲ್ಲ. ಮನೆಮಂದಿಗೆಲ್ಲ ಸೇರಿ ಎರಡು ಕೇಬಲ್ ಸಿಕ್ಕಿಸಬಹುದಾದ ಒಂದು ಚಾರ್ಜರ್ ಸಾಕು. ಬೆಂಗಳೂರು ಮತ್ತು ವಾರಾಣಸಿ ಎರಡೂ 2022ರ ಡಿಸೆಂಬರಿನಲ್ಲಿ, ಮುಖ ಗುರುತಿಸಿ ಒಳಗೆ ಬಿಡುವ ಡಿಜಿಯಾತ್ರಾ ವ್ಯವಸ್ಥೆ ಮೊದಲು ಬಂದ ನಿಲ್ದಾಣಗಳು. ಮೊಬೈಲಿನಲ್ಲಿ ಅದರ ಆ್ಯಪ್ ಹಾಕಿಕೊಂಡು, ಒಪ್ಪಿಸುವ ಸಾಮಾನಿಲ್ಲದೆ ಹೋದರೆ ಕೌಂಟರಿನ ಸಾಲೇ ತಪ್ಪುತ್ತದೆ. ಕಾಶಿ ವಿಶ್ವನಾಥನ ಗುಡಿಯೊಳಗೆ ಮೊಬೈಲು, ಚೀಲ ಬಿಡುವುದಿಲ್ಲವಾದ್ದರಿಂದ ಹಣ ಮತ್ತು ಆಧಾರ್ ಹಿಡಿಸುವಷ್ಟು ಒಂದು ಬಟ್ಟೆಯ ಸಂಚಿ ಸೊಂಟದಲ್ಲಿರಲಿ.

ಚೀಲ ತುಂಬುವಾಗ ಭಾರದ್ದು ಬೆನ್ನಿಗೆ ತಾಗುವಂತೆ, ಬಟ್ಟೆ ಸುರುಳಿಯಾಗಿ ಕೆಳಗೆ, ಶಾಲು ಮೇಲೆ. ಔಷಧ, ಪವರ್ ಬ್ಯಾಂಕ್, ಕಾಗದಪತ್ರ ಮೂರನ್ನೂ ಒಂದು ಸಣ್ಣ ಪೌಚಿನಲ್ಲಿ ಬಾಯಿಯ ಬಳಿಯೇ ಇಡಬೇಕು. ವಿಮಾನ ತುಂಬಿದ್ದಾಗ ಬಾಗಿಲಿನಲ್ಲಿ ಚೀಲವನ್ನು ಕೇಳಿ ಪಡೆದು ಕೆಳಗೆ ಹಾಕುವುದುಂಟು. ಆಗ ಆ ಪೌಚನ್ನು ಒಂದೇ ಕೈಯಲ್ಲಿ ಹೊರಗೆ ತೆಗೆಯಲು ಆಗಬೇಕು. ತೂಗಲು ಕೊಕ್ಕೆಯ ತಕ್ಕಡಿ ಇಲ್ಲದಿದ್ದರೆ, ಚೀಲ ಹೊತ್ತು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕವನ್ನು ಕಳೆಯಿರಿ. ಹೊರಡುವಾಗ ಐದೂವರೆ ಕಿಲೋ ಮೀರಬಾರದು. ಉಳಿದ ಒಂದೂವರೆ ಕಿಲೋ ಬರುವಾಗಿನ ಪಾಲು.

ಕೈಗೂಸು ಇರುವವರು, ತಲೆಮೇಲಿನ ಗೂಡಿಗೆ ಚೀಲ ಎತ್ತಲಾರದ ಹಿರಿಯರು ಈ ಹಟ ಹಿಡಿಯುವುದು ಬೇಡ. ಹಿರಿಯರ ಚೀಲ ಹಗುರವಾಗಿಯೇ ಇರಲಿ, ಆದರೆ ಅದನ್ನು ಕೌಂಟರಿನಲ್ಲಿ ಒಪ್ಪಿಸಲಿ.

ಹಿಂದಿರುಗುವಾಗ ಚೀಲ ಹಿಗ್ಗುವುದಕ್ಕೆ ಕಾರಣಗಳು ಮೂರು: ಬನಾರಸ್ ಸೀರೆ, ಹಿತ್ತಾಳೆಯ ಅನ್ನಪೂರ್ಣೆ, ಗಂಗೆ. ಸೀರೆ, ಮರದ ಬಣ್ಣದ ಆಟಿಕೆ ಇವನ್ನು ಅಂಚೆ ಕಚೇರಿಯಿಂದ ಪಾರ್ಸೆಲ್ ಮಾಡಿದರೆ ಮನೆಗೇ ಬರುತ್ತವೆ. ಹಂಚಲು ಕಾಶಿದಾರವೇ ಸಾಕು, ನೂರು ದಾರವೂ ಒಂದು ಹಿಡಿಯಾಗುವುದಿಲ್ಲ. ಬೆಸುಗೆ ಹಾಕಿ ಮುಚ್ಚಿದ ತಾಮ್ರದ ಗಂಗಾ ಗಿಂಡಿಯೊಳಗೆ ಏನಿದೆ ಎಂದು ತಪಾಸಣೆಯವರು ತೆರೆದು ನೋಡಲಾಗದ್ದರಿಂದ ಅದನ್ನು ಕೈಚೀಲದಲ್ಲಿ ನಂಬಿ ತರುವುದು ಬೇಡ. ಮಡಿಸಿದರೆ ಅಂಗೈಯಷ್ಟಾಗುವ ಬಟ್ಟೆಯ ಚೀಲವೊಂದನ್ನು ಬೆಂಗಳೂರಿನಿಂದಲೇ ಒಯ್ದು, ಬರುವಾಗ ಗಿಂಡಿ, ವಿಗ್ರಹಗಳನ್ನು ಅದರಲ್ಲಿ ಕಟ್ಟಿ, ಹೋಗುವಾಗ ಬಳಸದೆ ಬಿಟ್ಟಿದ್ದ 15 ಕಿಲೋ ಅವಕಾಶವನ್ನು ಬರುವಾಗ ಬಳಸಿಕೊಳ್ಳುವುದು ಸುಲಭ. 2016ರಿಂದ ಅಂಚೆ ಇಲಾಖೆಯೇ ಗಂಗಾಜಲವನ್ನು ಮಾರುತ್ತಿದೆ ಎಂದು ನಾನು ಮನೆಯಲ್ಲಿ ಒಮ್ಮೆ ಹೇಳಿದ್ದೆ. ಆ ನೀರು ಕಾಶಿಯದಲ್ಲ, ಋಷಿಕೇಶ ಮತ್ತು ಗಂಗೋತ್ರಿಯದು ಎಂದು ತಿಳಿದ ಮೇಲೆ ಮಾತು ಅಲ್ಲಿಗೇ ನಿಂತಿತು.

ಕೊನೆಯ ಗಂಗಾಸ್ನಾನವನ್ನು ಹೊರಡುವ ದಿನ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ. ಒದ್ದೆ ಪಂಚೆ ಒಣಗಿದ್ದರ ಎರಡರಷ್ಟು ತೂಗುತ್ತದೆ, ಸೀರೆಯಂತೂ ಕೇಳುವುದೇ ಬೇಡ. ವಾರಾಣಸಿಯ ವಿಮಾನ ನಿಲ್ದಾಣವಾದ ಬಾಬತ್‌ಪುರದಲ್ಲಿ 7 ಕಿಲೋ ದಾಟುವ ಚೀಲಗಳಲ್ಲಿ ಹೆಚ್ಚಿನವುಗಳ ತಳದಲ್ಲಿ ಇಂಥದ್ದೇ ಒಂದು ಪ್ಲಾಸ್ಟಿಕ್ ಕವರು ಇರುತ್ತದೆ ಎಂದು ನನ್ನ ಗುಮಾನಿ. ಹಿಂದಿನ ದಿನವೇ ಮುಳುಗು ಹಾಕಿ, ಮಧ್ಯಾಹ್ನದ ಬಿಸಿಲಿನಲ್ಲಿ ತಂಗಿದ ಮನೆಯ ತಾರಸಿಯ ಮೇಲೆ ಎಲ್ಲವನ್ನೂ ಒಣಗಿಸಿ, ಮಂಗಗಳು ಎಳೆದೊಯ್ಯದಂತೆ ಒಬ್ಬರು ಅಲ್ಲೇ ಕಾವಲು ಕೂರಬೇಕು.